ಗೇಮ್ ಆಫ್ ಥ್ರೋನ್ಸ್: ಪುಸ್ತಕಕ್ಕೂ ಟಿವಿಗೂ ತಾಳೆ ನೋಡುವ ಬಗೆ

ನಾನು ಕರಡು ತಿದ್ದುವವಳು. ಮೇಜಿನ ಎಡಗಡೆ ಲೇಖಕರ ಹಸ್ತಪ್ರತಿ, ಬಲಗಡೆ ಅಚ್ಚಿಗೆ ಹೋಗಬೇಕಾದ ಕರಡು, ಕೈಯಲ್ಲಿ ಕೆಂಪು ಪೆನ್ನು. ಸಾಲಿಗೆ ಸಾಲು ತಾಳೆ ನೋಡುತ್ತಾ ಹೋಗಬೇಕು. ಹದಿನಾರು ವರ್ಷದಿಂದ ಇದೇ ಕೆಲಸ. ಒಂದು ಬೇಸಿಗೆ ರಜೆಯಲ್ಲಿ ಅಣ್ಣನ ಮಗ ಮನೆಗೆ ಬಂದವನು, "ಅತ್ತೆ, ಗೇಮ್ ಆಫ್ ಥ್ರೋನ್ಸ್ ನಾನು ಪೂರ್ತಿ ನೋಡಿದ್ದೀನಿ. ನೀವು ಪುಸ್ತಕ ಓದಿ. ಏನೇನು ಬೇರೆ ಇದೆ ಹೇಳಿ" ಅಂದ. ಇದು ನನಗೆ ದಿನನಿತ್ಯದ ಕೆಲಸ ತಾನೇ ಅಂದುಕೊಂಡೆ.

ಮೊದಲ ಪುಸ್ತಕ ಮುಗಿಯುವಷ್ಟರಲ್ಲಿ ಒಂದು ನೋಟ್‌ಬುಕ್ ಅರ್ಧ ತುಂಬಿತ್ತು. ಡೆನೇರಿಸ್ ಕಣ್ಣು ಪುಸ್ತಕದಲ್ಲಿ ನೇರಳೆ, ಟಿವಿಯಲ್ಲಿ ಅಲ್ಲ. ನೆಡ್ ಸ್ಟಾರ್ಕ್ ಕಾಲು ಪುಸ್ತಕದಲ್ಲಿ ಮುರಿಯುವುದು ಕುದುರೆ ಮೈಮೇಲೆ ಬಿದ್ದು, ಟಿವಿಯಲ್ಲಿ ಒಬ್ಬ ಸೈನಿಕ ಈಟಿಯಿಂದ ಚುಚ್ಚಿ. ಹೀಗೆ ಪುಟಗಟ್ಟಲೆ. ಹುಡುಗ ಎಲ್ಲವನ್ನೂ ಓದಿದ. ಆಮೇಲೆ ಕೇಳಿದ: "ಸರಿ ಅತ್ತೆ. ಅದರಿಂದ ಏನಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕರಡಿನಲ್ಲಿ ವ್ಯತ್ಯಾಸ ಅಂದರೆ ತಪ್ಪು. ಕಂಡ ಕೂಡಲೇ ಗೆರೆ ಎಳೆದು ಮುಂದೆ ಹೋಗಬಹುದು. ಕಥೆ ಪುಸ್ತಕದಿಂದ ಟಿವಿಗೆ ಬಂದಾಗ ಹಾಗಲ್ಲ. ಅಲ್ಲಿ ಪ್ರತಿ ವ್ಯತ್ಯಾಸವೂ ಯಾರೋ ಕೂತು ಯೋಚಿಸಿ ಮಾಡಿದ್ದು. ಅದು ಮುಂದಿನ ಹತ್ತು ಕಡೆ ಬೇರೇನನ್ನೋ ಅಲುಗಾಡಿಸುತ್ತದೆ. ಆ ನೋಟ್‌ಬುಕ್ ಪಕ್ಕಕ್ಕಿಟ್ಟು ಹೊಸದೊಂದು ತೆಗೆದೆ. ಅದರಲ್ಲಿ ನಾನು ಕಲಿತ ಬಗೆ ಇದು. ಕಥೆಯ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ಓದಿಲ್ಲ, ನೋಡಿಲ್ಲ ಅನ್ನುವವರು ಮೊದಲು ಅದನ್ನು ಮುಗಿಸಿಕೊಂಡು ಬನ್ನಿ.

ಯಾವುದಕ್ಕೆ ಯಾವುದು

ಮೊದಲು ಎಡಗಡೆ ಏನಿಡಬೇಕು, ಬಲಗಡೆ ಏನಿಡಬೇಕು ಅನ್ನೋದು ಗೊತ್ತಿರಬೇಕು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಈ ಸರಣಿಯ ಹೆಸರು ಎ ಸಾಂಗ್ ಆಫ್ ಐಸ್ ಅಂಡ್ ಫೈರ್. ಗೇಮ್ ಆಫ್ ಥ್ರೋನ್ಸ್ ಅನ್ನೋದು ಅದರ ಮೊದಲ ಪುಸ್ತಕದ ಹೆಸರಿನಿಂದ ಬಂದದ್ದು. ಆ ಪುಸ್ತಕ 1996ರಲ್ಲಿ ಬಂತು, ಮೂರನೆಯದು 2000ದಲ್ಲಿ, ನಾಲ್ಕನೆಯದು 2005ರಲ್ಲಿ. ಎಚ್‌ಬಿಒ ವಾಹಿನಿಯಲ್ಲಿ ಧಾರಾವಾಹಿ ಶುರುವಾಗಿದ್ದು 2011ರ ಏಪ್ರಿಲ್‌ನಲ್ಲಿ. ಐದನೇ ಪುಸ್ತಕ ಹೊರಬಂದಿದ್ದು ಅದೇ ವರ್ಷ ಜುಲೈನಲ್ಲಿ, ಮೊದಲ ಸೀಸನ್ ಮುಗಿದ ಮೇಲೆ. ಧಾರಾವಾಹಿ 2019ರ ಮೇ ತಿಂಗಳಲ್ಲಿ 73 ಕಂತಿಗೆ ಮುಗಿಯಿತು. ನಾನಿದನ್ನು ಬರೆಯುವ ಹೊತ್ತಿಗೂ ಆರನೇ ಪುಸ್ತಕ ಬಂದಿಲ್ಲ.

ಮೊದಲ ಸೀಸನ್‌ಗೆ ಮೊದಲ ಪುಸ್ತಕ, ಎರಡನೆಯದಕ್ಕೆ ಎರಡನೆಯದು. ಮೂರನೇ ಪುಸ್ತಕ ದಪ್ಪ, ಅದನ್ನು ಮೂರು ಮತ್ತು ನಾಲ್ಕನೇ ಸೀಸನ್‌ಗೆ ಹಂಚಿದ್ದಾರೆ. ನಾಲ್ಕು ಮತ್ತು ಐದನೇ ಪುಸ್ತಕಗಳ ಬಹುಪಾಲು ಘಟನೆಗಳು ಒಂದೇ ಕಾಲದಲ್ಲಿ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತವೆ. ಅದಕ್ಕೇ ಐದನೇ ಸೀಸನ್‌ನಲ್ಲಿ ಎರಡನ್ನೂ ಕಲಸಿದ್ದಾರೆ. ಆರರಲ್ಲಿ ಪುಸ್ತಕದ ಚೂರುಪಾರು ಸಿಗುತ್ತದೆ. ಏಳು ಮತ್ತು ಎಂಟರಲ್ಲಿ ತಾಳೆ ನೋಡಲು ಮೂಲಪ್ರತಿಯೇ ಇಲ್ಲ. "ಕೊನೇ ಸೀಸನ್ ಪುಸ್ತಕದ ಹಾಗಿಲ್ಲ" ಅಂತ ದೂರುವವರನ್ನು ನೋಡಿದ್ದೇನೆ. ಯಾವ ಪುಸ್ತಕದ ಹಾಗೆ? ಅದು ಇನ್ನೂ ಅಚ್ಚಾಗಿಲ್ಲ.

ಎಲ್ಲ ಐದೂ ಓದಿದ ಮೇಲೇ ಶುರು ಮಾಡಬೇಕು ಅಂತೇನಿಲ್ಲ. ಒಂದು ಅಧ್ಯಾಯ, ಒಂದು ಕಂತು ಸಾಕು. ಆದರೆ ಪೆನ್ಸಿಲ್ ಬೇಕು. ಈ ಪುಸ್ತಕಗಳ ಅಧ್ಯಾಯಗಳಿಗೆ ಸಂಖ್ಯೆ ಇಲ್ಲ. ಮೊದಲ ಪುಸ್ತಕದಲ್ಲಿ ತಲೆಬರಹ ಅಂದರೆ ಬರೀ ಒಂದು ಹೆಸರು: ಬ್ರಾನ್, ಕ್ಯಾಟ್ಲಿನ್, ಜಾನ್. ಆರ್ಯಾ ಹೆಸರಿನ ಅಧ್ಯಾಯ ಬಂದಾಗಲೆಲ್ಲ ಪಕ್ಕದಲ್ಲಿ 1, 2, 3 ಅಂತ ಸಣ್ಣದಾಗಿ ಬರೆದುಕೊಳ್ಳಿ. ಹೀಗೆ ಮಾಡದೆ ನಾನು ಒಂದು ಮಾತು ಹುಡುಕಲು ಒಂದಿಡೀ ಸಂಜೆ ಪುಟ ಮಗುಚಿದ್ದೇನೆ. ಪುಸ್ತಕದ ಕೊನೆಯಲ್ಲಿ ಯಾವ ಮನೆತನದಲ್ಲಿ ಯಾರ್ಯಾರು ಅನ್ನುವ ಪಟ್ಟಿ ಇದೆ. ಅಲ್ಲಿ ಗುರುತಿಗೆ ಒಂದು ಚೀಟಿ ಇಟ್ಟುಬಿಡಿ, ದಿನಾ ಬೇಕಾಗುತ್ತದೆ.

ನೋಟ್‌ಬುಕ್‌ನಲ್ಲಿ ಮೂರು ಕಾಲಂ. ಎಡಗಡೆ ಪುಸ್ತಕ, ನಡುವೆ ಟಿವಿ. ಬಲಗಡೆಯ ಅಗಲವಾದ ಕಾಲಂನ ತಲೆಗೆ ನಾನು ಹುಡುಗನ ಪ್ರಶ್ನೆಯನ್ನೇ ಬರೆದೆ: ಅದರಿಂದ ಏನಾಯ್ತು?

ಯಾರ ಕಣ್ಣು?

ಯಾವ ದೃಶ್ಯ ತೆಗೆದುಕೊಂಡರೂ ಮೊದಲು ಕೇಳಬೇಕಾದ್ದು ಇದೊಂದೇ. ಇಲ್ಲಿ ನಾವು ಯಾರ ಕಣ್ಣಿಂದ ನೋಡುತ್ತಿದ್ದೇವೆ? ಈ ಪುಸ್ತಕಗಳ ಕಟ್ಟೋಣವೇ ಹಾಗಿದೆ. ಮೊದಲ ಪುಸ್ತಕದ ಮುನ್ನುಡಿಯ ಕಥೆ ಬಿಟ್ಟರೆ 72 ಅಧ್ಯಾಯ, ಎಂಟು ಜನರ ಕಣ್ಣು. ನೆಡ್‌ಗೆ ಎಲ್ಲರಿಗಿಂತ ಜಾಸ್ತಿ, 15. ಆರ್ಯಾಗೆ ಎಲ್ಲರಿಗಿಂತ ಕಡಿಮೆ, ಐದು. ಆ ಎಂಟು ಜನ ಇಲ್ಲದ ಕೋಣೆಯೊಳಗೆ ಓದುಗರಿಗೆ ಪ್ರವೇಶವೇ ಇಲ್ಲ. ಕ್ಯಾಮೆರಾಗೆ ಆ ಕಟ್ಟುಪಾಡು ಇಲ್ಲ.

ಒಂದೇ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ರಾಜದ್ರೋಹದ ಆರೋಪದ ಮೇಲೆ ನೆಡ್ ತಲೆ ಕಡಿಯುವ ದೃಶ್ಯ. ಟಿವಿಯಲ್ಲಿ ಮೊದಲ ಸೀಸನ್‌ನ ಒಂಬತ್ತನೇ ಕಂತು, ಪುಸ್ತಕದಲ್ಲಿ ಆರ್ಯಾಳ ಐದನೇ ಅಧ್ಯಾಯ.

ಪುಸ್ತಕದಲ್ಲಿ ನೆಡ್ ಕಣ್ಣಿಂದ ನಾವು ಕೊನೆಯ ಸಲ ನೋಡುವುದು ಸೆರೆಮನೆಯ ಕತ್ತಲಲ್ಲಿ. ಆಸ್ಥಾನದ ಬೇಹುಗಾರ ವೇರಿಸ್ ಬಂದು, ತಪ್ಪೊಪ್ಪಿಕೋ, ನಿನ್ನ ಮಗಳು ಸಾನ್ಸಾ ಜೀವ ನಿನ್ನ ಕೈಯಲ್ಲಿದೆ ಅನ್ನುವ ಹಾಗೆ ಮಾತಾಡಿ ಹೋಗುತ್ತಾನೆ. ನೆಡ್ ಏನು ತೀರ್ಮಾನ ಮಾಡಿದ ಅನ್ನೋದು ನಮಗೆ ಹೇಳುವುದೇ ಇಲ್ಲ. ಅವನ ತಲೆಯೊಳಗಿನ ಬಾಗಿಲು ಅಲ್ಲಿಗೆ ಮುಚ್ಚಿತು. ಆಮೇಲೆ ನಾವು ಅವನ ಇನ್ನೊಬ್ಬ ಮಗಳು ಆರ್ಯಾ ಜೊತೆ ಬೀದಿಯಲ್ಲಿದ್ದೇವೆ. ಹೊಟ್ಟೆಗಿಲ್ಲದೆ ಪಾರಿವಾಳ ಹಿಡಿಯುವ ಹುಡುಗಿ. ಗಂಟೆ ಬಾರಿಸುತ್ತದೆ, ಜನ ಓಡುತ್ತಾರೆ, ಅವಳೂ ಓಡುತ್ತಾಳೆ. ಬೇಲರ್ ವಿಗ್ರಹದ ಪೀಠ ಹತ್ತಿ ನೋಡಿದರೆ ಅಪ್ಪ. ಅಪ್ಪ ತಪ್ಪೊಪ್ಪಿಕೊಂಡರೂ ಹೊಸ ರಾಜ ಜಾಫ್ರಿ ತಲೆ ಕೇಳುತ್ತಾನೆ. ಅವಳು ಜನರ ನಡುವೆ ಹಾರಿ ನುಗ್ಗುತ್ತಾಳೆ, ಯಾರೋ ಹಿಡಿದು ನೋಡಬೇಡ ಅನ್ನುತ್ತಾರೆ. ಕತ್ತಿ ಬೀಳುವುದನ್ನು ಅವಳು ನೋಡುವುದಿಲ್ಲ, ಹಾಗಾಗಿ ನಾವೂ ನೋಡುವುದಿಲ್ಲ. ದೂರದಲ್ಲಿ ಲಕ್ಷಗಟ್ಟಲೆ ಜನ ಒಟ್ಟಿಗೇ ಉಸಿರು ಬಿಟ್ಟ ಹಾಗೆ ಒಂದು ಸದ್ದು ಮಾತ್ರ ಕೇಳುತ್ತದೆ. ಅಷ್ಟೇ.

ನಾನು ಅದನ್ನು ಓದಿದಾಗ ರಾತ್ರಿ ಹನ್ನೊಂದೂವರೆ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತೆ.

ಈಗ ಟಿವಿ ಹಾಕಿ. ಒಂದು ಸಲ ನಿಲ್ಲಿಸದೆ ನೋಡಿ. ಎರಡನೇ ಸಲ ಸದ್ದು ಪೂರ್ತಿ ತೆಗೆದು, ಯಾರ ಮುಖ ಎಷ್ಟು ಹೊತ್ತು ಇದೆ ಅಂತ ಮಾತ್ರ ನೋಡಿ. ಇದು ನನಗೆ ತುಂಬಾ ಉಪಯೋಗಕ್ಕೆ ಬಂದ ಉಪಾಯ. ಸದ್ದು ತೆಗೆದರೆ ಕಣ್ಣು ಯಾರದ್ದು ಅಂತ ತಾನಾಗಿ ತಿಳಿಯುತ್ತದೆ. ಇಲ್ಲಿ ಕ್ಯಾಮೆರಾ ಆರ್ಯಾ ಹತ್ತಿರವೂ ಇದೆ, ನೆಡ್ ಹತ್ತಿರವೂ ಇದೆ. ನೆಡ್ ನಡೆದು ಬರುವಾಗ ವಿಗ್ರಹದ ಕೆಳಗೆ ಮಗಳನ್ನು ನೋಡುತ್ತಾನೆ. ಪಕ್ಕದಲ್ಲಿ ಸಿಕ್ಕ ಪರಿಚಯದ ಯೋರೆನ್‌ಗೆ "ಬೇಲರ್" ಅಂತ ಒಂದೇ ಮಾತು ಹೇಳಿ ದಾಟುತ್ತಾನೆ. ಕೊನೆಗೆ ತಲೆ ಎತ್ತಿ ನೋಡಿದರೆ ವಿಗ್ರಹದ ಬುಡ ಖಾಲಿ. ಮಗಳನ್ನು ಯಾರೋ ಕರೆದುಕೊಂಡರು ಅಂತ ಅವನಿಗೆ ಗೊತ್ತಾಯಿತು. ತಲೆ ಬಗ್ಗಿಸುತ್ತಾನೆ.

ಅದರಿಂದ ಏನಾಯ್ತು? ಪುಸ್ತಕದ ನೆಡ್ ಮಗಳನ್ನು ನೋಡಿದ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಆರ್ಯಾ ಎಲ್ಲಿದ್ದಾಳೆ, ಬದುಕಿದ್ದಾಳಾ, ಏನೂ ತಿಳಿಯದೆ ಅವನು ಸತ್ತ ಅಂತಲೇ ನಾವು ಓದಬೇಕು. ಟಿವಿಯ ನೆಡ್ ಸಾಯುವ ಮುಂಚೆ ಅಪ್ಪನಾಗಿ ಒಂದು ಕೆಲಸ ಮಾಡಿ ಸತ್ತ. ಒಂದೇ ಸಾವು, ಎರಡು ಥರದ ಅಪ್ಪ. ಪುಸ್ತಕದ್ದೇ ಸರಿ ಅಂತ ನಾನು ಹೇಳುವುದಿಲ್ಲ. ಟಿವಿಯವರಿಗೆ ನೆಡ್ ತಲೆಯೊಳಗೆ ಹೋಗಲು ದಾರಿ ಇರಲಿಲ್ಲ. ಅದಕ್ಕೇ ಒಂದು ಮಾತು ಕೊಟ್ಟು, ಒಂದು ಖಾಲಿ ಪೀಠ ತೋರಿಸಿ, ಅವನ ಮನಸ್ಸನ್ನು ಹೊರಗೆ ತಂದರು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಪದ್ಯ ಒಂದೇ ಇರುತ್ತದೆ, ಅರ್ಥ ಹೇಳುವವರು ಬದಲಾದರೆ ಕರ್ಣನೇ ಬೇರೆ ಆಗುತ್ತಾನೆ, ಅಲ್ವಾ?

ಇದೇ ಪ್ರಶ್ನೆ ಇಟ್ಟುಕೊಂಡರೆ ಟಿವಿ ಸೇರಿಸಿದ್ದೂ ಕಾಣುತ್ತದೆ. ಮೊದಲ ಸೀಸನ್ ಐದನೇ ಕಂತಿನಲ್ಲಿ ರಾಜ ರಾಬರ್ಟ್, ರಾಣಿ ಸೆರ್ಸಿ ಇಬ್ಬರೇ ಕೂತು ತಮ್ಮ ಮುರಿದ ಸಂಸಾರದ ಬಗ್ಗೆ ಮಾತಾಡುತ್ತಾರೆ. ಪುಸ್ತಕದಲ್ಲಿ ಈ ದೃಶ್ಯ ಇರಲು ಸಾಧ್ಯವೇ ಇಲ್ಲ. ಮೊದಲ ಪುಸ್ತಕದಲ್ಲಿ ಆ ಇಬ್ಬರ ಕಣ್ಣೂ ನಮಗೆ ಸಿಕ್ಕಿಲ್ಲ. ಪುಸ್ತಕದಲ್ಲಿ ನನಗೆ ಸೆರ್ಸಿ ಬಗ್ಗೆ ಅಲ್ಲಿಯವರೆಗೆ ಬರೀ ಸಿಟ್ಟಿತ್ತು. ಆ ಕೆಲವು ನಿಮಿಷ ನೋಡಿ ಹೊಟ್ಟೆ ಚುರುಕ್ ಅಂದಿತು. ಸೇರಿಸಿದ್ದನ್ನೆಲ್ಲ "ಮೂಲದಲ್ಲಿ ಇಲ್ಲ" ಅಂತ ಹೊಡೆದುಹಾಕಬೇಡಿ.

ಹುಡುಗನಿಗೆ ಇನ್ನೊಂದು ಸಂಶಯ ಇತ್ತು. "ಅತ್ತೆ, ನೆಡ್ ಮಗ ರಾಬ್ ಅಷ್ಟು ದೊಡ್ಡ ಹೀರೋ. ಪುಸ್ತಕದಲ್ಲಿ ಅವನಿಗೆ ಒಂದು ಅಧ್ಯಾಯವೂ ಇಲ್ವಾ?" ಇಲ್ಲ. ಅವನ ಕಥೆ ನಮಗೆ ಬರುವುದು ಹೆಚ್ಚಾಗಿ ಅಮ್ಮ ಕ್ಯಾಟ್ಲಿನ್ ಕಣ್ಣಿಂದ. ಅದಕ್ಕೇ ಪುಸ್ತಕದಲ್ಲಿ ಅವನ ಪ್ರೀತಿ ನಮಗೆ ಕಾಣುವುದಿಲ್ಲ. ಯುದ್ಧಕ್ಕೆ ಹೋದ ಮಗ ವಾಪಸ್ ಬರುವಾಗ ಹೆಂಡತಿ ಜೊತೆಗಿದ್ದಾಳೆ, ಅಷ್ಟೇ. ಹೆಸರು ಜೇನ್ ವೆಸ್ಟರ್ಲಿಂಗ್. ತಮ್ಮಂದಿರು ಸತ್ತರೆಂಬ ಸುದ್ದಿ ಬಂದ ರಾತ್ರಿ ಅವಳು ಸಮಾಧಾನ ಮಾಡಿದಳು, ಮಾರನೇ ದಿನ ಅವಳ ಮಾನ ಉಳಿಸಲು ಮದುವೆಯಾದ. ಟಿವಿಯಲ್ಲಿ ಜೇನ್ ಇಲ್ಲ, ಟಲಿಸಾ ಇದ್ದಾಳೆ. ಗಾಯಾಳುಗಳ ಆರೈಕೆ ಮಾಡುವವಳು. ಎರಡನೇ ಸೀಸನ್ ಉದ್ದಕ್ಕೂ ನಮ್ಮ ಕಣ್ಣೆದುರೇ ಪ್ರೀತಿ ಬೆಳೆಯುತ್ತದೆ. ಪುಸ್ತಕದ ರಾಬ್ ಕೆಟ್ಟಿದ್ದು ಅಪ್ಪನ ಹಾಗೆ ಮರ್ಯಾದೆಗೆ ಅಂಟಿಕೊಂಡು. ಟಿವಿಯ ರಾಬ್ ಕೆಟ್ಟಿದ್ದು ಬೇರೆ ಹುಡುಗಿಯನ್ನು ಮದುವೆಯಾಗುತ್ತೇನೆ ಅಂತ ಕೊಟ್ಟ ಮಾತಿಗಿಂತ ಪ್ರೀತಿ ದೊಡ್ಡದು ಅಂದುಕೊಂಡು. ಮಾತು ತಪ್ಪಿದ್ದಕ್ಕೆ ರಾಬ್‌ನನ್ನು ಕೊಲ್ಲುವ ಆ ರಕ್ತದ ಮದುವೆಗೆ ಜೇನ್ ಹೋಗುವುದಿಲ್ಲ, ಟಲಿಸಾ ಹೋಗುತ್ತಾಳೆ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಸಾಯುತ್ತಾಳೆ.

ವಯಸ್ಸು, ದುಡ್ಡು

ಇವೆರಡನ್ನು ಬೇಗ ನೋಡಿ ಮುಗಿಸಬಹುದು. ಪುಸ್ತಕ ಶುರುವಾದಾಗ ಡೆನೇರಿಸ್‌ಗೆ 13, ರಾಬ್‌ಗೂ ಜಾನ್‌ಗೂ 14. ಟಿವಿಯಲ್ಲಿ ಎಲ್ಲರನ್ನೂ ಕೆಲವು ವರ್ಷ ದೊಡ್ಡವರನ್ನಾಗಿ ಮಾಡಿದ್ದಾರೆ, ರಾಬ್ ಮತ್ತು ಜಾನ್‌ಗೆ 17. ಡೆನೇರಿಸ್‌ಗೆ ಪುಸ್ತಕದಲ್ಲಿ ಆಗುವುದನ್ನು 13ರ ಹುಡುಗಿಗೆ ಆಗುವಂತೆ ತೆರೆಯ ಮೇಲೆ ತೋರಿಸಲೂಬಾರದು. ಇದು ಸರಿಯಾದ ಬದಲಾವಣೆ. ಆದರೆ ಒಂದು ಎಳೆದರೆ ಇನ್ನೊಂದು ಬರುತ್ತದೆ. ಮಕ್ಕಳ ವಯಸ್ಸು ಹೆಚ್ಚಿದ್ದರಿಂದ ಅವರು ಹುಟ್ಟಿದ ಕಾಲದ ರಾಬರ್ಟ್‌ನ ದಂಗೆಯನ್ನೂ 15ರ ಬದಲು 17 ವರ್ಷ ಹಿಂದಕ್ಕೆ ತಳ್ಳಬೇಕಾಯಿತು.

ದುಡ್ಡಿನ ವಿಷಯ. ಯುದ್ಧವನ್ನು ತೆರೆಗೆ ತರುವುದು ದುಬಾರಿ. ಮೊದಲ ಪುಸ್ತಕದಲ್ಲಿ ಸೆರ್ಸಿಯ ತಮ್ಮ ಟಿರಿಯನ್ ಯುದ್ಧಕ್ಕೆ ಇಳಿದು ಹೊಡೆದಾಡುತ್ತಾನೆ. ಟಿವಿಯಲ್ಲಿ ಶುರುವಿಗೇ ತನ್ನವರಿಂದಲೇ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪುತ್ತಾನೆ, ಎದ್ದಾಗ ಯುದ್ಧ ಮುಗಿದಿದೆ. ಎರಡನೇ ಪುಸ್ತಕದಲ್ಲಿ ಅವನು ಊರಿನ ಕಮ್ಮಾರರನ್ನೆಲ್ಲ ಕೂರಿಸಿ ಒಂದು ಭಾರೀ ಸರಪಳಿ ಮಾಡಿಸುತ್ತಾನೆ. ಬ್ಲ್ಯಾಕ್‌ವಾಟರ್ ನದಿಯೊಳಗೆ ದಂಡೆತ್ತಿ ಬಂದ ಸ್ಟಾನಿಸ್‌ನ ಹಡಗುಗಳು ಬಂದ ಮೇಲೆ ಅದನ್ನು ಮೇಲೆತ್ತಿ ಬಾಗಿಲು ಹಾಕಿದ ಹಾಗೆ ಹಿಂದಿನ ದಾರಿ ಮುಚ್ಚುತ್ತಾರೆ. ಟಿವಿಯಲ್ಲಿ ಸರಪಳಿಯೇ ಇಲ್ಲ, ಹಸಿರು ಬೆಂಕಿ ಮಾತ್ರ. ಇದನ್ನು ಕಂಡು ನನಗೆ ಕೋಪ ಬಂದಿತ್ತು. ಆಮೇಲೆ ಕಂತಿನ ಹೆಸರುಪಟ್ಟಿ ನೋಡಿದೆ. ಆ ಕಂತನ್ನು ಬರೆದವರು ಸ್ವತಃ ಮಾರ್ಟಿನ್. ಮೊದಲ ನಾಲ್ಕು ಸೀಸನ್‌ಗಳಲ್ಲಿ ವರ್ಷಕ್ಕೊಂದು ಕಂತು ಅವರೇ ಬರೆದಿದ್ದಾರೆ. ಹಾಗಾಗಿ ಯಾವುದನ್ನಾದರೂ "ಟಿವಿಯವರು ಕೆಡಿಸಿದರು" ಅನ್ನುವ ಮುಂಚೆ ಬರೆದವರು ಯಾರು ಅಂತ ಒಂದು ಸಲ ನೋಡಿಕೊಳ್ಳಿ.

ಒಂದು ಎಳೆ ಹಿಡಿದು ಕೊನೆವರೆಗೂ ಹೋಗಿ

ಕೊನೆಯ ಕೆಲಸ ನಿಧಾನದ್ದು, ಆದರೆ ನನ್ನ ಪಾಲಿಗೆ ಇದೇ ನಿಜವಾದ ತಾಳೆ ನೋಡುವುದು. ಒಂದೇ ಬದಲಾವಣೆ ಆರಿಸಿ. ಅದು ಎಲ್ಲೆಲ್ಲಿ ಹೋಗಿ ಮುಟ್ಟುತ್ತದೆ ಅಂತ ಪುಸ್ತಕದಿಂದ ಪುಸ್ತಕಕ್ಕೆ, ಸೀಸನ್‌ನಿಂದ ಸೀಸನ್‌ಗೆ ಹಿಂಬಾಲಿಸಿ. ನಾನು ಆರಿಸಿದ್ದು ಟೈಶಾ.

ಟೈಶಾ ಟಿರಿಯನ್‌ನ ಮೊದಲ ಹೆಂಡತಿ. ಅವಳನ್ನು ನಾವು ಪುಸ್ತಕದಲ್ಲೂ ನೋಡಿಲ್ಲ, ಟಿವಿಯಲ್ಲೂ ನೋಡಿಲ್ಲ. ಅವಳು ದುಡ್ಡು ಕೊಟ್ಟು ಗೊತ್ತುಮಾಡಿದ ಹೆಂಗಸು ಅಂತ ಅಣ್ಣ ಜೇಮಿ ಹೇಳಿದ್ದ. ಅಪ್ಪ ಟೈವಿನ್ ಅವಳಿಗೆ ಮಾಡಿಸಿದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ. ಇಲ್ಲಿಯವರೆಗೆ ಎರಡೂ ಕಡೆ ಒಂದೇ. ಟಿವಿಯಲ್ಲೂ ಮೊದಲ ಸೀಸನ್‌ನಲ್ಲಿ ಟಿರಿಯನ್ ಈ ಕಥೆ ಹೇಳುತ್ತಾನೆ.

ದಾರಿ ಬೇರೆಯಾಗುವುದು ಮೂರನೇ ಪುಸ್ತಕದ ಕೊನೆಯಲ್ಲಿ. ಜಾಫ್ರಿ ಕೊಲೆಯ ಆರೋಪದಲ್ಲಿ ಮರಣದಂಡನೆ ಕಾದಿರುವ ತಮ್ಮನನ್ನು ಜೇಮಿ ಸೆರೆಯಿಂದ ಬಿಡಿಸುತ್ತಾನೆ. ಪುಸ್ತಕದಲ್ಲಿ ಅಲ್ಲಿ ನಿಜ ಬಾಯಿಬಿಡುತ್ತಾನೆ. ಟೈಶಾ ಅಂಥವಳಲ್ಲ, ನಿಜವಾಗಲೂ ನಿನ್ನನ್ನು ಪ್ರೀತಿಸಿದ್ದಳು, ಅಪ್ಪ ಹೇಳಿಸಿದ ಸುಳ್ಳು ಅದು ಅಂತ. ಟಿರಿಯನ್ ಅಣ್ಣನಿಗೆ ಹೊಡೆಯುತ್ತಾನೆ. ನೋಯಿಸಲೆಂದೇ, ಜಾಫ್ರಿಯನ್ನು ಕೊಂದವನು ನಾನೇ ಅಂತ ಸುಳ್ಳು ಹೇಳುತ್ತಾನೆ. ಜೇಮಿ ಪ್ರೀತಿಸುವ ಅವಳಿ ಸೋದರಿ ಸೆರ್ಸಿ ಯಾರ್ಯಾರ ಜೊತೆ ಮಲಗಿದಳು ಅನ್ನುವುದನ್ನೂ ಹೇಳುತ್ತಾನೆ. ನಾಲ್ಕನೇ ಸೀಸನ್‌ನ ಕೊನೇ ಕಂತಿನಲ್ಲಿ ಇದು ಯಾವುದೂ ಇಲ್ಲ. ಅಣ್ಣ ತಮ್ಮ ತಬ್ಬಿಕೊಂಡು ಬೇರೆಯಾಗುತ್ತಾರೆ. ಮುಂದಿನ ಘಟನೆ ಎರಡೂ ಕಡೆ ಒಂದೇ, ಟಿರಿಯನ್ ಹೋಗಿ ಅಪ್ಪನನ್ನು ಕೊಲ್ಲುತ್ತಾನೆ. ಬರೀ ಘಟನೆಗಳ ಪಟ್ಟಿ ಮಾಡುವವರಿಗೆ ಇಲ್ಲಿ ಅಂಥ ವ್ಯತ್ಯಾಸ ಕಾಣುವುದೇ ಇಲ್ಲ.

ಅದರಿಂದ ಏನಾಯ್ತು? ನನ್ನ ನೋಟ್‌ಬುಕ್‌ನಲ್ಲಿ ಇದೊಂದಕ್ಕೇ ಹನ್ನೊಂದು ಪುಟ ಆಯಿತು. ಪುಸ್ತಕದ ಟಿರಿಯನ್ ಆಮೇಲೆ ಮನುಷ್ಯನೇ ಬೇರೆ. ಐದನೇ ಪುಸ್ತಕದ ಉದ್ದಕ್ಕೂ ಕುಡಿಯುತ್ತಾನೆ, ಕಹಿ ಕಾರುತ್ತಾನೆ. ಅಂಥ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಅಂತ ಕಂಡವರನ್ನೆಲ್ಲ ಕೇಳುತ್ತಾನೆ. ಅದು ಅಪ್ಪ ಸಾಯುವ ಮುಂಚೆ ಟೈಶಾ ಬಗ್ಗೆ ಆಡಿದ ಮಾತಿನ ಬಾಲ. ಓದಲು ಕಷ್ಟವಾಗುತ್ತದೆ, ಪ್ರೀತಿಸಲು ಇನ್ನೂ ಕಷ್ಟ. ಟಿವಿಯ ಟಿರಿಯನ್‌ಗೆ ಆ ಗಾಯ ಆಗಿಲ್ಲ. ಅವನು ದುಃಖದಲ್ಲಿದ್ದಾನೆ, ಆದರೆ ಒಳ್ಳೆಯವನಾಗಿಯೇ ಉಳಿದಿದ್ದಾನೆ. ಐದನೇ ಸೀಸನ್‌ನಲ್ಲೇ ಡೆನೇರಿಸ್‌ಗೆ ಬುದ್ಧಿ ಹೇಳುವ ಮಂತ್ರಿಯಾಗುತ್ತಾನೆ. ಪುಸ್ತಕದಲ್ಲಿ ಐದನೆಯದು ಮುಗಿದರೂ ಅವನು ಅವಳ ಎದುರು ನಿಂತು ಮಾತಾಡಿಲ್ಲ.

ಜೇಮಿ ಕಡೆಗೂ ಹೋಗಿ. ಸೆರ್ಸಿ ಬಗ್ಗೆ ತಮ್ಮ ಆಡಿದ ಮಾತು ಅವನ ತಲೆಯಲ್ಲಿ ಹುಳದ ಹಾಗೆ ಕೊರೆಯುತ್ತದೆ. ನಾಲ್ಕನೇ ಪುಸ್ತಕದ ಕೊನೆಯಲ್ಲಿ ಸೆರ್ಸಿ ಸೆರೆಯಾಗಿ, ಕೂಡಲೇ ಬಾ, ನನ್ನನ್ನು ಕಾಪಾಡು ಅಂತ ಬೇಡಿ ಕಾಗದ ಬರೆಯುತ್ತಾಳೆ. ಹೊರಗೆ ಹಿಮ ಬೀಳುತ್ತಿದೆ. ಜೇಮಿ ಆ ಕಾಗದವನ್ನು ಬೆಂಕಿಗೆ ಹಾಕಲು ಹೇಳುತ್ತಾನೆ. ಟಿವಿಯಲ್ಲಿ ಆ ಕಾಗದ ಸುಡುವ ಜೇಮಿ ಇರಲು ಸಾಧ್ಯವಿಲ್ಲ, ಏಕೆಂದರೆ ಆ ಮಾತು ಅವನ ಕಿವಿಗೆ ಬಿದ್ದೇ ಇಲ್ಲ. ಅವನು ಅವಳಿಗಾಗಿ ಡಾರ್ನ್‌ಗೆ ಹೋಗುತ್ತಾನೆ, ಮತ್ತೆ ಮತ್ತೆ ಅವಳ ಹತ್ತಿರವೇ ಬರುತ್ತಾನೆ, ಎಂಟನೇ ಸೀಸನ್‌ನಲ್ಲಿ ಅವಳನ್ನು ತಬ್ಬಿಕೊಂಡೇ ಸಾಯುತ್ತಾನೆ. ಆ ಸಾವನ್ನು ಬೈದವರು ತುಂಬಾ ಜನ. ಎಂಟನೇ ಸೀಸನ್ ಮಾತ್ರ ನೋಡಿ ಬೈದರೆ ಸಾಲದು, ನಾಲ್ಕನೆಯದರ ಆ ಅಪ್ಪುಗೆಯ ತನಕ ಹಿಂದೆ ಹೋಗಬೇಕು ಅಂತ ನಾನು ಹುಡುಗನಿಗೆ ಹೇಳಿದೆ. ಅವನು ಆ ದೃಶ್ಯವನ್ನು ಮತ್ತೆ ಹಾಕಿ ನೋಡಿದ. ಆವತ್ತು ರಾತ್ರಿ ಊಟಕ್ಕೆ ಕೂತಾಗ, "ಅತ್ತೆ, ಮೂರನೇ ಪುಸ್ತಕ ಕೊಡಿ" ಅಂದ.

ಈಗ ಅವನು ಓದುತ್ತಿದ್ದಾನೆ, ನಾನು ಕಾಯುತ್ತಿದ್ದೇನೆ. ಐದನೇ ಪುಸ್ತಕದಲ್ಲಿ ಜೇಮಿ ಕೊನೆಯ ಸಲ ಕಾಣುವುದು ಯೋಧೆ ಬ್ರಿಯೆನ್ ಬಂದು, ಒಬ್ಬನೇ ನನ್ನ ಜೊತೆ ಬಾ ಅಂತ ಕರೆದಾಗ. ಟಿವಿಯ ಜೇಮಿ ಕೊನೆಗೆ ಬ್ರಿಯೆನ್‌ಳನ್ನು ಬಿಟ್ಟು ಸೆರ್ಸಿ ಹತ್ತಿರ ಹೋದ. ಪುಸ್ತಕದ ಜೇಮಿ ಸೆರ್ಸಿ ಕಾಗದ ಸುಟ್ಟು ಬ್ರಿಯೆನ್ ಹಿಂದೆ ಹೊರಟಿದ್ದಾನೆ. ನನ್ನ ನೋಟ್‌ಬುಕ್‌ನಲ್ಲಿ ಆ ಸಾಲಿನ ಕೆಳಗೆ ನಡುವಿನ ಕಾಲಂ ತುಂಬಿದೆ. ಎಡಗಡೆಗೆ ಅಂತ ಮೂರು ಪುಟ ಖಾಲಿ ಬಿಟ್ಟಿದ್ದೇನೆ.